ಸರಾಸರಿ ತಪ್ಪಾದರೆ ಬಂದ ಸಂಖ್ಯೆಯನ್ನೇ ಓದಿ

ಸಿ ಭಾಷೆಯಲ್ಲಿ ಅರೇ (ಒಂದೇ ಬಗೆಯ ಬೆಲೆಗಳ ಸಾಲು) ಕಲಿತವರು ಬರೆಯುವ ಮೊದಮೊದಲ ಪ್ರೋಗ್ರಾಂಗಳಲ್ಲಿ ಅಂಕಗಳ ಸರಾಸರಿಯೂ ಒಂದು. ಕಂಪೈಲ್ ಆಗುತ್ತದೆ, ರನ್ ಆಗುತ್ತದೆ, ಉತ್ತರ ಮಾತ್ರ ತಪ್ಪು. ಆಗ ಕೋಡನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದುತ್ತಾ ಕೂರಬೇಡಿ. ಎಲ್ಲಿ ತಪ್ಪಿದೆ ಎಂಬುದನ್ನು ಬಹಳ ಸಲ ಆ ತಪ್ಪು ಉತ್ತರವೇ ಹೇಳುತ್ತದೆ.

ಅದಕ್ಕೆ ಮೊದಲು ಪರೀಕ್ಷೆಗೆ ತಕ್ಕ ಅಂಕಗಳು ಬೇಕು. 10, 20, 30 ಬೇಡ. ಸರಾಸರಿ ಪೂರ್ಣಾಂಕವಾದರೆ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪೇ ಅಡಗಿ ಕೂರುತ್ತದೆ. 72, 85, 91, 64, 79 ತೆಗೆದುಕೊಳ್ಳಿ. ಮೊತ್ತ 391, ಸರಾಸರಿ 78.2. ಇದನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ರನ್ ಮಾಡಿ. ಸರಾಸರಿ ಯಾವತ್ತೂ ಅತಿ ಕಡಿಮೆ ಅಂಕಕ್ಕಿಂತ ಕೆಳಗಿಳಿಯದು, ಅತಿ ಹೆಚ್ಚಿನ ಅಂಕವನ್ನು ದಾಟದು. ಇಲ್ಲಿ 64 ಮತ್ತು 91ರ ಆಚೆ ಯಾವ ಉತ್ತರ ಬಂದರೂ ಅದು ಖಂಡಿತ ತಪ್ಪು.

ಈ ಗಡಿಯೊಳಗೇ ಇದ್ದು ಮೋಸ ಮಾಡುವ ಉತ್ತರ 78.000000. ಮೊತ್ತವೂ ಇಂಟ್ (ಪೂರ್ಣಾಂಕ ಮಾತ್ರ ಹಿಡಿಯುವ ಬಗೆ), ಭಾಗಿಸುವ ಸಂಖ್ಯೆಯೂ ಇಂಟ್ ಆದಾಗ ಸಿ ದಶಮಾಂಶ ಭಾಗವನ್ನು ಬಿಟ್ಟೇಬಿಡುತ್ತದೆ. ಸರಾಸರಿಯ ವೇರಿಯೇಬಲ್ ಅನ್ನು ಫ್ಲೋಟ್ (ದಶಮಾಂಶ ಹಿಡಿಯುವ ಬಗೆ) ಮಾಡಿದರೆ ಸಾಕೆಂದು ಅನೇಕರು ತಿಳಿಯುತ್ತಾರೆ, ಸಾಲದು. ಭಾಗಾಕಾರ ಮೊದಲು ಮುಗಿಯುತ್ತದೆ, 78 ಮಾತ್ರ ಉಳಿದಿರುತ್ತದೆ, ಆಮೇಲೆ ಅದು ಫ್ಲೋಟ್ ಆಗುತ್ತದೆ. (ಫ್ಲೋಟ್)(ಮೊತ್ತ / 5) ಎಂದು ಬರೆದರೂ ಇದೇ ಗತಿ. ಕಾಸ್ಟ್, ಅಂದರೆ ಬಗೆ ಬದಲಾಯಿಸುವ ಕೆಲಸ, ಭಾಗಾಕಾರಕ್ಕೆ ಮುಂಚೆ ಆಗಬೇಕು: (ಫ್ಲೋಟ್)ಮೊತ್ತ / 5. ಅಥವಾ ನೇರವಾಗಿ 5.0ರಿಂದ ಭಾಗಿಸಿ. ಜಿಸಿಸಿ ಕಂಪೈಲರಿನ ಸಾಮಾನ್ಯ ಎಚ್ಚರಿಕೆಗಳು ಈ ತಪ್ಪನ್ನು ಹಿಡಿಯುವುದಿಲ್ಲ, ಆದ್ದರಿಂದ ನಿಮ್ಮ ಕಣ್ಣೇ ಕಾಯಬೇಕು.

15.8 ಬಂತೇ? ಅದು 79 / 5, ಅಂದರೆ ಕೊನೆಯ ಅಂಕ ಮಾತ್ರ ಉಳಿದಿದೆ. += ಬದಲು ಬರೀ = ಹಾಕಿದ್ದೀರಿ, ಇಲ್ಲವೇ ಮೊತ್ತ = 0 ಎಂಬ ಸಾಲು ಲೂಪಿನ ಒಳಗೆ ಸೇರಿಕೊಂಡಿದೆ. 63.8 ಬಂದರೆ ಮೊದಲ ಅಂಕ ತಪ್ಪಿಹೋಗಿದೆ: ಓದುವ ಲೂಪ್ 0ಯಿಂದ ಶುರುವಾಗಿ, ಕೂಡುವ ಲೂಪ್ 1ರಿಂದ ಶುರುವಾಗಿದೆ. 97.75 ಎಂದರೆ ಕೊನೆಯ ಇಂಡೆಕ್ಸ್ (ಅರೇಯಲ್ಲಿ 0ಯಿಂದ ಎಣಿಸುವ ಸ್ಥಾನ) 4ನ್ನೇ ಎಣಿಕೆ ಎಂದುಕೊಂಡು ಭಾಗಿಸಿದ್ದೀರಿ. 3.91 ಬಂದಿದ್ದರೆ ಅರೇಯ ಗಾತ್ರ 100 ಎಂದು ಘೋಷಿಸಿ, ಅದೇ 100ರಿಂದ ಭಾಗಿಸಿದ್ದೀರಿ. ಎಷ್ಟು ಜಾಗ ಕಾಯ್ದಿರಿಸಿದ್ದೀರಿ ಎನ್ನುವುದು ಬೇರೆ, ಎಷ್ಟು ತುಂಬಿದ್ದೀರಿ ಎನ್ನುವುದು ಬೇರೆ.

ಅರ್ಥವಿಲ್ಲದ ದೊಡ್ಡ ಸಂಖ್ಯೆಯೋ ಋಣ ಸಂಖ್ಯೆಯೋ ಬಂದರೆ, ಅದರಲ್ಲೂ ಪ್ರತಿ ಸಲ ಬದಲಾದರೆ, ಎರಡು ಕಡೆ ನೋಡಿ. ಫಂಕ್ಷನ್ನಿನ ಒಳಗೆ ಘೋಷಿಸಿದ ವೇರಿಯೇಬಲ್‌ಗೆ ಸಿ ತಾನಾಗಿ 0 ಕೊಡುವುದಿಲ್ಲ; ಮೊತ್ತ = 0 ಎಂದು ನೀವೇ ಬರೆಯಬೇಕು. ಇನ್ನೊಂದು, ಇಂಡೆಕ್ಸ್ ಹೆಸರು ಐ ಎಂದಿದ್ದರೆ, ಐ <= 5 ಎಂಬ ಷರತ್ತು. ಐದು ಅಂಕಗಳ ಅರೇಯಲ್ಲಿ ಇಂಡೆಕ್ಸ್ 0ಯಿಂದ 4ರವರೆಗೆ ಮಾತ್ರ. ಅಂಕ[5] ಅರೇಯ ಆಚೆಗಿನ ಮೆಮೊರಿ, ಅಲ್ಲಿ ಏನು ಬೇಕಾದರೂ ಇರಬಹುದು. ಕೆಲವೊಮ್ಮೆ ಅಲ್ಲಿ 0 ಇದ್ದು ಉತ್ತರ ಸರಿಯಾಗಿಯೇ ಬರುತ್ತದೆ, ಇನ್ನೊಂದು ಕಂಪ್ಯೂಟರಿನಲ್ಲಿ ಕೆಡುತ್ತದೆ. ಷರತ್ತು ಐ < 5 ಎಂದಿರಲಿ.

ಇನ್‌ಪುಟ್ ಕಡೆಯಿಂದಲೂ ಕೆಡುವುದುಂಟು. ಟೈಪ್ ಮಾಡಿದ ಅಂಕವನ್ನು ಓದುವುದು ಸ್ಕ್ಯಾನ್‌ಎಫ್. ಸ್ಕ್ಯಾನ್‌ಎಫ್‌ನಲ್ಲಿ & ಬಿಟ್ಟರೆ ಪ್ರೋಗ್ರಾಂ ಹೆಚ್ಚಾಗಿ ಅಲ್ಲೇ ಕ್ರ್ಯಾಶ್ ಆಗುತ್ತದೆ. ಪೂರ್ಣಾಂಕ ಓದುವ %ಡಿ ಇರುವಲ್ಲಿ ಯಾರಾದರೂ 72.5 ಟೈಪ್ ಮಾಡಿದರೆ 72 ಮಾತ್ರ ಒಳಬರುತ್ತದೆ, ಉಳಿದ .5 ಬಾಗಿಲಲ್ಲೇ ನಿಂತು ಮುಂದಿನ ಎಲ್ಲ ಓದುವಿಕೆಯನ್ನೂ ತಡೆಯುತ್ತದೆ. ಸ್ಕ್ಯಾನ್‌ಎಫ್ ಹಿಂದಿರುಗಿಸುವ ಬೆಲೆ 1 ಇದೆಯೇ ಎಂದು ಪ್ರತಿ ಸಲ ಪರೀಕ್ಷಿಸಿ. ದಶಮಾಂಶ ಅಂಕಗಳೇ ಬೇಕಿದ್ದರೆ ಅರೇಯನ್ನು ಡಬಲ್ (ದಶಮಾಂಶ ಹಿಡಿಯುವ ಇನ್ನೊಂದು ಬಗೆ) ಎಂದು ಘೋಷಿಸಿ, %ಎಲ್‌ಎಫ್‌ನಿಂದ ಓದಿ.

ಎಣಿಕೆಯನ್ನು ಬಳಕೆದಾರರಿಂದ ಪಡೆಯುವುದಾದರೆ ಭಾಗಿಸುವ ಮುನ್ನ ಅದು 0 ಅಲ್ಲವೆಂದು ಖಚಿತಪಡಿಸಿಕೊಳ್ಳಿ.

ಇಷ್ಟಾದರೂ ಸುಳಿವು ಸಿಗದಿದ್ದರೆ ಕೂಡುವ ಲೂಪಿನೊಳಗೆ ಒಂದು ಪ್ರಿಂಟ್‌ಎಫ್ ಹಾಕಿ, ಪ್ರತಿ ಸುತ್ತಿನಲ್ಲೂ ಐ, ಅಂಕ[ಐ], ಮೊತ್ತ ಮೂರನ್ನೂ ತೋರಿಸಿ. ಮೊತ್ತ ಕ್ರಮವಾಗಿ 72, 157, 248, 312, 391 ಎಂದು ಬರಬೇಕು. ಮೊದಲ ಸಲ ಬೇರೆ ಸಂಖ್ಯೆ ಕಂಡ ಸುತ್ತಿನಲ್ಲೇ ಹುಡುಕಿ. ಐದೂ ಸರಿ ಇದ್ದು, ಆರನೆಯ ಸಾಲು ಬರದಿದ್ದರೆ ತಪ್ಪು ಲೂಪಿನದ್ದಲ್ಲ, ಭಾಗಿಸುವ ಸಾಲಿನದ್ದು ಅಥವಾ ಮುದ್ರಿಸುವ ಸಾಲಿನದ್ದು.