ಗೇಜ್ ತುಂಬಿದ್ದರೆ ಸಾಲದು: ಏರ್ ಬ್ರೇಕ್ ತಪಾಸಣೆ ಹೀಗೆ

ಲಾರಿ, ಬಸ್ಸುಗಳ ಏರ್ ಬ್ರೇಕ್ ದಿನ ಬೆಳಗಾಗುವುದರೊಳಗೆ ಕೈಕೊಡುವುದು ಅಪರೂಪ. ಒಳಗೊಳಗೇ ಸವೆಯುತ್ತಾ ಬರುತ್ತದೆ, ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಮಾತ್ರ ಎಂದಿನ ಜಾಗದಲ್ಲೇ ನಿಂತಿರುತ್ತದೆ. ಹಾಗಾಗಿ ಕ್ಯಾಬಿನ್ನಿನಿಂದ ಇಳಿದು, ಬಗ್ಗಿ ನೋಡದೆ ಗತಿಯಿಲ್ಲ.

ದಿನದ ಓಡಾಟ ಮುಗಿದ ಮೇಲೆ ಚಕ್ರಗಳಿಗೆ ಅಡೆ ಕೊಟ್ಟು, ಏರ್ ಟ್ಯಾಂಕುಗಳ ತಳದ ಡ್ರೈನ್ ವಾಲ್ವ್ ಬಿಡಿಸಿ. ಕಂಪ್ರೆಸರ್ ಒತ್ತಿದ ಗಾಳಿಯ ತೇವ ನೀರಾಗಿ ಅಲ್ಲಿ ಇಳಿದಿರುತ್ತದೆ. ಹೊರಬಂದದ್ದು ಹಾಲಿನಂತೆ ಕದಡಿ, ಬೆರಳಿಗೆ ಜಿಡ್ಡು ಅಂಟಿದರೆ ಕಂಪ್ರೆಸರ್ ಎಣ್ಣೆಯನ್ನೂ ದಾಟಿಸುತ್ತಿದೆ ಎಂದರ್ಥ. ಗಾಳಿಯ ತೇವ ಹೀರುವ ಏರ್ ಡ್ರೈಯರ್ ಇದ್ದೂ ನೀರು ಧಾರಾಳವಾಗಿ ಬಂದರೆ ಅದರ ಕಾರ್ಟ್ರಿಜ್ ನೋಡಿಸಿ.

ಮುಂದೆ ಸೋರಿಕೆ. ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಅಡೆ ಹಾಗೇ ಇರಲಿ, ಪಾರ್ಕಿಂಗ್ ಬ್ರೇಕ್ ಬಿಡಿ. ಟ್ರೇಲರ್ ಇಲ್ಲದ ವಾಹನದಲ್ಲಿ ಒತ್ತಡ ನಿಮಿಷಕ್ಕೆ 2 ಪಿಎಸ್‌ಐಗಿಂತ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ), ಪೆಡಲ್ ಒತ್ತಿ ಹಿಡಿದಾಗ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು ಎಂಬುದು ಸಾಮಾನ್ಯ ಲೆಕ್ಕ. ಇಳಿದರೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಬಳಿಕ ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಾಳಿ ಖಾಲಿ ಮಾಡುತ್ತಾ ಬನ್ನಿ. ಸುಮಾರು 60 ಪಿಎಸ್‌ಐ ತಲುಪುವಷ್ಟರಲ್ಲಿ ಎಚ್ಚರಿಕೆಯ ದೀಪವೋ ಬಜರೋ ಶುರುವಾಗಬೇಕು.

ಹೆಚ್ಚಿನವರು ತಪ್ಪಿಸುವ ಕೆಲಸ ಪುಶ್ ರಾಡಿನ, ಅಂದರೆ ಗಾಳಿಯ ಒತ್ತಡಕ್ಕೆ ಬ್ರೇಕ್ ಚೇಂಬರಿನಿಂದ ಹೊರಚಾಚಿ ಬ್ರೇಕ್ ಹಾಕುವ ಸರಳಿನ ಅಳತೆ. ಅದಕ್ಕೇ ಹೆಚ್ಚು ಹೊತ್ತು ಕೊಡಬೇಕು. ಡ್ರಮ್ ತಣ್ಣಗಿರುವಾಗ, ರಾಡ್ ಬ್ರೇಕ್ ಚೇಂಬರಿನಿಂದ ಹೊರಬರುವ ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒತ್ತಡ 90ರಿಂದ 100 ಪಿಎಸ್‌ಐ ಇದ್ದಾಗ ಇನ್ನೊಬ್ಬರಿಂದ ಪೆಡಲ್ ಪೂರ್ತಿ ಒತ್ತಿಸಿ, ಗೆರೆ ಎಷ್ಟು ಸರಿಯಿತೆಂದು ಅಳೆಯಿರಿ. ಸಾಮಾನ್ಯ ಸ್ಟ್ರೋಕಿನ (ರಾಡ್ ಚಾಚುವ ದೂರ) 30ನೇ ಟೈಪ್ (ಗಾತ್ರದ ಗುರುತು) ಚೇಂಬರಿಗೆ ಮಿತಿ 2 ಇಂಚು; ಬೇರೆ ಚೇಂಬರುಗಳಿಗೆ ತಯಾರಕರ ಕೈಪಿಡಿ ನೋಡಿ. ಮಿತಿಯ ಅಂಚಿನಲ್ಲಿದ್ದರೂ ನೆಮ್ಮದಿಯಿಂದಿರಬೇಡಿ: ಉದ್ದದ ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದಾಗ ರಾಡ್ ಇನ್ನೂ ದೂರ ಚಾಚಬೇಕಾಗುತ್ತದೆ, ಚೇಂಬರಿನಲ್ಲಿ ಅಷ್ಟು ಜಾಗ ಉಳಿದಿರುವುದಿಲ್ಲ.

ಅಳತೆ ಮೀರಿದ ಕೂಡಲೇ ಸ್ಪ್ಯಾನರ್ ಹಿಡಿದು, ಲೈನಿಂಗ್ ಸವೆದಂತೆ ರಾಡಿನ ಚಾಚನ್ನು ಹದದಲ್ಲಿಡುವ ಆಟೊಮ್ಯಾಟಿಕ್ ಸ್ಲ್ಯಾಕ್ ಅಡ್ಜಸ್ಟರನ್ನು ಬಿಗಿಮಾಡುವ ಚಾಳಿ ಇದೆಯಲ್ಲ, ಅದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ. ತಾನಾಗಿ ಸರಿಪಡಿಸಿಕೊಳ್ಳಬೇಕಾದ ಭಾಗ ಸುಮ್ಮನಿದೆ ಎಂದರೆ ಕ್ಯಾಮ್ ಬುಷ್, ಪಿನ್, ಲೈನಿಂಗ್ ಅಥವಾ ಅಡ್ಜಸ್ಟರೇ ಸವೆದಿರಬಹುದು. ಮೊದಲು ಅದನ್ನು ಹುಡುಕಿಸಿ.

ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕ್ ಚೇಂಬರನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಜೀವ ಹೋದೀತು. ಕೆಟ್ಟಿದ್ದರೆ ನುರಿತ ಮೆಕ್ಯಾನಿಕ್‌ನಿಂದ ಇಡೀ ಚೇಂಬರನ್ನೇ ಬದಲಿಸಿ.