ಬೈಕ್ ಸ್ಟಾರ್ಟ್ ಆಗುತ್ತಿಲ್ಲವೇ? ಪ್ಲಗ್ ಬಿಚ್ಚಿ ನೋಡಿ

ಬೈಕ್ ಸ್ಟಾರ್ಟ್ ಆಗದಿದ್ದಾಗ ಗಾಬರಿಯಲ್ಲಿ ಸೆಲ್ಫ್ ಬಟನ್ ಒತ್ತುತ್ತಲೇ ಇರುವವರು ಬಹಳ. ಹಾಗೆ ಮಾಡಿದರೆ ಬ್ಯಾಟರಿಯೂ ಇಳಿದು, ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ. ನಾಲ್ಕೈದು ಸೆಕೆಂಡ್ ಒತ್ತಿ, ಆಗದಿದ್ದರೆ ಬಿಟ್ಟುಬಿಡಿ.

ಮೊದಲು ಹ್ಯಾಂಡಲ್ ಮೇಲೆ ಎಂಜಿನ್ ಆರಿಸಲು ಇರುವ ಕಿಲ್ ಸ್ವಿಚ್ ನೋಡಿ. ಬೈಕ್ ಒರೆಸುವಾಗಲೋ, ಮಕ್ಕಳು ಹ್ಯಾಂಡಲ್ ಹಿಡಿದು ಆಡುವಾಗಲೋ ಅದು ಆಫ್ ಆಗಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿದೆಯೇ ಎಂದೂ ಗಮನಿಸಿ. ಈಚಿನ ಹಲವು ಬೈಕ್‌ಗಳು ಕ್ಲಚ್ ಹಿಡಿಯದೆ ಸೆಲ್ಫ್ ತೆಗೆದುಕೊಳ್ಳುವುದೇ ಇಲ್ಲ.

ಇನ್ನು ಸದ್ದಿಗೆ ಕಿವಿಗೊಡಿ. ಬಟನ್ ಒತ್ತಿದಾಗ ಬರೀ 'ಟಕ್ ಟಕ್' ಎಂದು, ಮೀಟರ್ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಲೇಬೇಕು. ದೀಪವೇ ಹತ್ತದಿದ್ದರೆ ಫ್ಯೂಸ್ ನೋಡಿ.

ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದಾದರೆ ಟ್ಯಾಂಕ್ ಮುಚ್ಚಳ ತೆಗೆದು, ಬೈಕ್ ಅಲುಗಾಡಿಸಿ ಪೆಟ್ರೋಲ್ ಇದೆಯೇ ನೋಡಿ. ಮೀಟರ್ ಮುಳ್ಳಿಗಿಂತ ಕಣ್ಣನ್ನು ನಂಬಿ. ಮುಚ್ಚಳ ತೆಗೆದ ಮೇಲೆ ಬೈಕ್ ಸ್ಟಾರ್ಟ್ ಆದರೆ, ಅದರ ಗಾಳಿ ರಂಧ್ರ ಕಟ್ಟಿಕೊಂಡಿದೆ ಎಂದರ್ಥ. ಗಾಳಿ ಒಳಗೆ ಬಾರದೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಹಳೆಯ ಬಗೆಯ ಬೈಕ್‌ನಲ್ಲಿ ಪೆಟ್ರೋಲ್ ಕಾಕ್ ರಿಸರ್ವ್‌ಗೆ ತಿರುಗಿಸಿ. ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕ್ ಆದರೆ ಕೀಲಿ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಪಂಪಿನ 'ಝುಂಯ್' ಸದ್ದು ಬರಬೇಕು. ಅದು ಬಾರದಿದ್ದರೆ ಪಂಪು, ಅದರ ಫ್ಯೂಸು ಅಥವಾ ರಿಲೇಯಲ್ಲಿ ದೋಷ.

ಪೆಟ್ರೋಲ್ ಸರಿ ಇದ್ದರೆ ಪ್ಲಗ್, ಅಂದರೆ ಎಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಹುಪಾಲು ಕಥೆ ಇದೇ ಹೇಳುತ್ತದೆ; ಈ ಒಂದು ಕೆಲಸವನ್ನು ಬೈಕ್ ಓಡಿಸುವ ಪ್ರತಿಯೊಬ್ಬರೂ ಕಲಿತಿರಬೇಕು ಎಂದೇ ನನ್ನ ಅಭಿಪ್ರಾಯ. ಎಂಜಿನ್ ತಣ್ಣಗಾಗಿರಲಿ, ಬಿಸಿಯಿದ್ದಾಗ ಬಿಚ್ಚಿದರೆ ಪ್ಲಗ್ ಕೂರುವ ತೂತಿನ ಮರೆ (ತಿರುಪಿನ ಸುತ್ತು) ಹಾಳಾದೀತು. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಅತಿಯಾಗಿ ಬಂದು ಓವರ್‌ಫ್ಲೋ ಆಗಿರಬಹುದು, ಇಲ್ಲವೇ ಕಿಡಿ ಬರುತ್ತಿಲ್ಲ. ಒಣಗಿದ್ದರೆ ಪೆಟ್ರೋಲೇ ಒಳಗೆ ಹೋಗಿಲ್ಲ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಧೂಳು ತುಂಬಿದೆಯೇ ನೋಡಿ.

ಕಿಡಿ ಪರೀಕ್ಷೆಗೆ ಇನ್ನೊಂದು ಪ್ಲಗ್ ಇದ್ದರೆ ಒಳ್ಳೆಯದು. ಹಳೆಯದನ್ನು ಅದರ ಜಾಗದಲ್ಲೇ ಕೂರಿಸಿ, ಹೊಸದನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಯಿರಿ. ಪ್ಲಗ್ ತೂತು ತೆರೆದಿಟ್ಟು ಈ ಪರೀಕ್ಷೆ ಮಾಡಬೇಡಿ, ಅಲ್ಲಿಂದ ಹೊರಬರುವ ಪೆಟ್ರೋಲ್ ಆವಿಗೆ ಬೆಂಕಿ ತಗಲುತ್ತದೆ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಲೂಬೇಡಿ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನಿಂದ ಸಾವಿರಾರು ವೋಲ್ಟ್ ಬರುತ್ತದೆ. ನೀಲಿ ಕಿಡಿ ಚಟಪಟ ಬಂದರೆ ಕರೆಂಟ್ ಸರಿಯಿದೆ. ಹಳದಿಯಾಗಿ ಮಂಕಾಗಿದ್ದರೆ ಅಥವಾ ಬಾರದಿದ್ದರೆ ಕ್ಯಾಪ್, ವೈರ್, ಕಾಯಿಲ್ ಹೀಗೆ ಹಿಂದಕ್ಕೆ ಹುಡುಕುತ್ತಾ ಹೋಗಿ.

ಓವರ್‌ಫ್ಲೋ ಆದ ಕಾರ್ಬ್ಯುರೇಟರ್ ಬೈಕ್‌ಗೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಲಿವರ್) ಹಾಕಬೇಡಿ. ಪ್ಲಗ್ ಒರೆಸಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಹೊತ್ತಿಕೊಂಡ ತಕ್ಷಣ ಆಕ್ಸಿಲರೇಟರ್ ಬಿಡಿ.

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಕಿಕ್ಕರ್ ಮಾತ್ರ ಎದುರೊತ್ತಡವಿಲ್ಲದೆ ಸಲೀಸಾಗಿ ಇಳಿಯುತ್ತಿದೆ ಎಂದಾದರೆ ಕಂಪ್ರೆಷನ್, ಅಂದರೆ ಎಂಜಿನ್ನಿನೊಳಗಿನ ಒತ್ತಡ ಹೋಗಿದೆ. ಅದು ವಾಲ್ವ್ ಅಥವಾ ಪಿಸ್ಟನ್ ರಿಂಗ್ ಕೆಲಸ, ಗ್ಯಾರೇಜಿಗೇ ಒಯ್ಯಬೇಕು. ಒಯ್ದಾಗ ಪ್ಲಗ್ ಒದ್ದೆಯಿತ್ತೇ, ಒಣಗಿತ್ತೇ, ಕಿಡಿ ಯಾವ ಬಣ್ಣದ್ದು ಎಂದು ಮೆಕ್ಯಾನಿಕ್‌ಗೆ ಹೇಳಿ.