ಡಿಕಾಕ್ಷನ್ ಇಳಿಯದ ಪ್ರಶ್ನೆಯೇ ನಮ್ಮ ಕಾಫಿಪುಡಿ ಮಾರಿತು

ಕನ್ನಡದಲ್ಲಿ ಬ್ಲಾಗ್ ಬರೆದರೆ ಕಾಫಿಪುಡಿ ಹೋಗುವುದಿಲ್ಲ ಎಂದು ಚಿಕ್ಕಮಗಳೂರಿನ ಪುಡಿ ಅಂಗಡಿಯವರೂ ಹೇಳಿದ್ದರು, ವೆಬ್‌ಸೈಟ್ ಮಾಡಿಕೊಟ್ಟವರೂ ಹೇಳಿದ್ದರು. ಈಗ ತಿಂಗಳಿಗೆ 130-140 ಆರ್ಡರ್ ಬರುತ್ತಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾಲ್ಕೇ ನಾಲ್ಕು ಕನ್ನಡ ಬರಹಗಳಿಂದ. ಜಾಹೀರಾತಿಗೆ ಒಂದು ರೂಪಾಯಿಯೂ ಹೋಗುತ್ತಿಲ್ಲ.

ಮೊದಲು ಕಳೆದ ದುಡ್ಡಿನ ಲೆಕ್ಕ. ಹೆಚ್ಚು ಜನರಿಗೆ ಕಾಣಲೆಂದು ದುಡ್ಡು ಕೊಟ್ಟು ಇನ್‌ಸ್ಟಾಗ್ರಾಮ್ ಪೋಸ್ಟ್ ಬೂಸ್ಟ್ ಮಾಡಿ ಮೂರು ತಿಂಗಳಲ್ಲಿ ಸುಮಾರು 18 ಸಾವಿರ ಹೋಯಿತು, ಬಂದದ್ದು ಹನ್ನೊಂದೋ ಹನ್ನೆರಡೋ ಆರ್ಡರ್. ಗುರಿ ಎಂದು ಆರಿಸಿದ್ದು ಪ್ರೊಫೈಲ್ ಭೇಟಿ. ಹಾಗಾಗಿ ಪ್ರೊಫೈಲ್ ನೋಡಿ ಹೋಗುವವರಿಗೇ ಅದು ತೋರಿಸಿತು, ಕೊಳ್ಳುವವರಿಗಲ್ಲ. ಉಚಿತ ಪ್ಯಾಕೆಟ್ ಸ್ಪರ್ಧೆಯಲ್ಲಿ 40 ಪ್ಯಾಕೆಟ್ ಹೋಯಿತು. ಫಲಿತಾಂಶ ಹಾಕಿದ ವಾರವೇ, ಸ್ಪರ್ಧೆಗೆಂದು ನಮ್ಮನ್ನು ಫಾಲೋ ಮಾಡಿದವರಲ್ಲಿ ಮುಕ್ಕಾಲು ಪಾಲು ಜನ ಬಿಟ್ಟುಹೋದರು. ಕ್ಯಾಶ್ ಆನ್ ಡೆಲಿವರಿ ಇನ್ನೂ ಕೆಟ್ಟದ್ದು. ಹತ್ತರಲ್ಲಿ ಎರಡು-ಮೂರು ಪಾರ್ಸಲ್ ವಾಪಸ್. ಹೋಗಿ ಬರುವ ಖರ್ಚು ಎರಡೂ ನಮ್ಮದೇ, ಎರಡು ವಾರ ಸುತ್ತಾಡಿದ ಪುಡಿಗೆ ಘಮವಿಲ್ಲ, ಮತ್ತೆ ಮಾರುವಂತಿಲ್ಲ.

ಕೈಹಿಡಿದ ಕ್ರಮ ಇದು: ಗಿರಾಕಿಯ ಒಂದು ಪ್ರಶ್ನೆ, ಅದಕ್ಕೆ ಒಂದು ಬರಹ, ಆ ಬರಹಕ್ಕೆ ಐದಾರು ಚಿತ್ರ. ಚಿತ್ರ ಏನನ್ನೂ ಮಾರುವುದಿಲ್ಲ, ಬರಹಕ್ಕೆ ಕರೆತರುತ್ತದೆ, ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಪದೇ ಪದೇ ಬರುತ್ತಿದ್ದ ಪ್ರಶ್ನೆ 'ಡಿಕಾಕ್ಷನ್ ಇಳೀತಾನೇ ಇಲ್ಲ, ಯಾಕೆ?' ಎಂಬುದು. ಪುಡಿ ತೀರಾ ನುಣ್ಣಗಿರಬಹುದು, ಮೇಲೆ ಬಿಗಿಯಾಗಿ ಒತ್ತಿರಬಹುದು, ಚಿಕೋರಿ ಹೆಚ್ಚಿರಬಹುದು, ಇಲ್ಲವೇ ಫಿಲ್ಟರಿನ ತೂತು ಕಟ್ಟಿರಬಹುದು. ಒಂದೊಂದು ಕಾರಣಕ್ಕೆ ಒಂದೊಂದು ಚಿತ್ರ. ಎಲ್ಲಕ್ಕಿಂತ ಹೆಚ್ಚು ಜನ ಸೇವ್ ಮಾಡಿಕೊಂಡದ್ದು ಖಾಲಿ ಫಿಲ್ಟರಿನ ಮೇಲಿನ ಪಾತ್ರೆಯನ್ನು ಕಿಟಕಿಗೆ ಹಿಡಿದು ತೆಗೆದದ್ದನ್ನು. ಅರ್ಧ ತೂತುಗಳಲ್ಲಿ ಬೆಳಕು, ಉಳಿದರ್ಧ ಕಪ್ಪು. ಫಿಲ್ಟರ್ ಹದಕ್ಕೆ ಬೀಸಿದ, ನೂರಕ್ಕೆ 20 ಭಾಗ ಚಿಕೋರಿಯ ಪುಡಿಯ ಲಿಂಕನ್ನು 'ಚಿಕೋರಿ ಹೆಚ್ಚಿದ್ದರೆ' ಎನ್ನುವ ಭಾಗದಲ್ಲೇ ಇಡಬೇಕು. ಬರಹದ ತುದಿಯಲ್ಲಿ ಇಟ್ಟಿದ್ದಾಗ ಅಲ್ಲಿಯವರೆಗೆ ಯಾರೂ ಬರಲಿಲ್ಲ.

ಸ್ಟೀಲ್ ಫಿಲ್ಟರ್ ಕನ್ನಡಿಯ ಹಾಗೆ. ಫೋನು, ಕೈ, ಟ್ಯೂಬ್‌ಲೈಟ್ ಎಲ್ಲ ಅದರಲ್ಲಿ ಕಾಣುತ್ತವೆ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿ, ಟ್ಯೂಬ್‌ಲೈಟ್ ಆರಿಸಿ. ಪುಡಿಯನ್ನು ಬಾಳೆಲೆ ಮೇಲೆ ಇಡಬೇಡಿ: ಎಲೆಯ ಹಸಿರು ಛಾಯೆ ಬಿದ್ದು ಪುಡಿ ಬೂಷ್ಟು ಹಿಡಿದಂತೆ ಕಾಣುತ್ತದೆ. ಹಳೇ ಮರದ ಹಲಗೆ ಸಾಕು. ಲೋಟದ ನೊರೆ ಒಂದು ನಿಮಿಷವೂ ನಿಲ್ಲುವುದಿಲ್ಲ, ಆದ್ದರಿಂದ ತಣ್ಣೀರು ತುಂಬಿದ ಲೋಟ ಇಟ್ಟು ಫೋಕಸ್, ಬೆಳಕು ಲಾಕ್ ಮಾಡಿಕೊಂಡು ಆಮೇಲೆ ಕಾಫಿ ಎತ್ತಿ ಹುಯ್ಯಿರಿ. ಜೂನ್‌ನಿಂದ ಇಲ್ಲಿ ಮಳೆ ಹಿಡಿದರೆ ಬೆಳಕೇ ಇರುವುದಿಲ್ಲ. ಮೇ ಮುಗಿಯುವುದರೊಳಗೆ 60-70 ಚಿತ್ರ ಕೂಡಿಟ್ಟುಕೊಳ್ಳಲೇಬೇಕು.

ಚಿತ್ರಗಳನ್ನು ಹುಡುಕಿ ಕೂಡಿಡುವ ತಾಣವಾದ ಪಿಂಟರೆಸ್ಟ್‌ಗೆ ಚಿತ್ರದ ಅಳತೆ 1000×1500 ಪಿಕ್ಸೆಲ್, ಇನ್‌ಸ್ಟಾಗ್ರಾಮ್‌ಗೆ 1080×1350. ಇನ್‌ಸ್ಟಾಗ್ರಾಮ್ ಪೋಸ್ಟಿನ ಅಡಿಬರಹದಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಪಿಂಟರೆಸ್ಟ್‌ನಲ್ಲಿ ಹಾಕಿದ ಚಿತ್ರ, ಅಂದರೆ ಪಿನ್, ಒತ್ತಿದರೆ ನೇರ ಬರಹಕ್ಕೇ ಹೋಗುತ್ತದೆ. ನಾನು ಪಿಂಟರೆಸ್ಟ್ ಕಡೆ ವಾಲಿದ್ದು ಅದಕ್ಕೇ. ಆದರೆ ತಾಳ್ಮೆ ಬೇಕು. ಮೊದಲ ಎರಡೂವರೆ ತಿಂಗಳು ಒಂದೂ ಆರ್ಡರ್ ಇರಲಿಲ್ಲ. ಇಂಗ್ಲಿಷ್ ಶೀರ್ಷಿಕೆಯ ಪಿನ್‌ಗಳನ್ನು ಹೊರದೇಶದವರು ರಾಶಿ ರಾಶಿ ಸೇವ್ ಮಾಡಿದರು, ಅಲ್ಲಿಗೆ ನಾವು ಕಳಿಸುವುದೇ ಇಲ್ಲ. ಚಿತ್ರದ ಮೇಲೆ ದಪ್ಪ ಕನ್ನಡ ಅಕ್ಷರ ಹಾಕಿದ ಮೇಲೆ ನೋಡುವವರು ನಾಲ್ಕನೇ ಒಂದಕ್ಕೆ ಇಳಿದರು, ಕೊಳ್ಳುವವರು ಹೆಚ್ಚಿದರು. ಪಿನ್ ಹಾಕುವ ದಿನ-ಹೊತ್ತಿನ ಲೆಕ್ಕ ಒಂದಿದೆ, ಅದು ನಮ್ಮ ಅಂಗಡಿಯೊಳಗೇ ಇರಲಿ.

ಬ್ಲಾಗಿನಲ್ಲಿ ಚಿತ್ರ 150 ಕೆಬಿ ದಾಟಬಾರದು. ಫೋನಿನಿಂದ ಬಂದ 4 ಎಂಬಿಯದನ್ನು ಹಾಗೇ ಹಾಕಿದ್ದಾಗ ಪುಟ ತೆರೆಯುವ ಮೊದಲೇ ಜನ ಹೊರಟುಹೋಗುತ್ತಿದ್ದರು. ಜನ ಹುಡುಕುವಾಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ; ಉಪಶೀರ್ಷಿಕೆ ಒಂದನ್ನು ಹಾಗೆಯೇ ಬರೆಯಿರಿ. ನಮ್ಮ ಆರ್ಡರ್ ಬಹುಪಾಲು ವಾಟ್ಸ್ಆ್ಯಪ್‌ಗೆ ಬಂದು ದುಡ್ಡು ಯುಪಿಐನಲ್ಲಿ ಬೀಳುತ್ತದೆ, ವೆಬ್‌ಸೈಟಿಗೆ ಬಂದವರನ್ನು ಎಣಿಸುವ ಅನಲಿಟಿಕ್ಸ್‌ಗೆ ಅದು ಕಾಣದು. ಅದಕ್ಕೇ ಪ್ರತಿ ಬರಹದ ವಾಟ್ಸ್ಆ್ಯಪ್ ಲಿಂಕಿನಲ್ಲಿ ಸಂದೇಶವನ್ನು ಮೊದಲೇ ತುಂಬಿ, ಬರಹಕ್ಕೊಂದು ಸಂಖ್ಯೆ ಸೇರಿಸಿಟ್ಟಿದ್ದೇನೆ. ಯಾವ ಬರಹ ದುಡಿಯುತ್ತಿದೆ ಎಂದು ತಿಳಿದದ್ದು ಅದರಿಂದಲೇ.

ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು, ಸಿಕ್ಕಿದೆ ನಿಜ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದನ್ನು ಚಿತ್ರದ ಮೇಲೆ ಬರೆಯಬೇಡಿ. ಇನ್ನೊಂದು ಜಾತಿಯ ಕಾಫಿಯಾದ ರೋಬಸ್ಟಾ ಬೆರೆತ ಪುಡಿಗಂತೂ ಬೇಡವೇ ಬೇಡ.

ಪಕ್ಕದಲ್ಲಿ ಇನ್ನೂ ಮೂರು ಪ್ರಯೋಗ ನಡೆದಿವೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ತೋಟ ಬೆಳ್ಳಗಾದ ವಿಡಿಯೋವನ್ನು 90 ಸಾವಿರ ಜನ ನೋಡಿದರು, ಒಂದು ಪ್ಯಾಕೆಟ್ ಕೂಡ ಹೋಗಲಿಲ್ಲ. ಹಸಿ ಕಾಳುಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸುವ ವಿಡಿಯೋ ನೋಡಿದವರು ಆರೇಳು ಸಾವಿರ. 'ಯಾಕೆ ಅದ್ದಬೇಕು?' ಎಂದು ಕೇಳಿದವರಿಗೆ ಬೇಗ ಒಣಗುತ್ತದೆ, ಕಾಳಿಗೆಲ್ಲ ಒಂದೇ ಕಪ್ಪು ಬರುತ್ತದೆ ಎಂದು ಬರಹವನ್ನೇ ಬರೆದೆ. ಆ ಸೀಸನ್ನಿನಲ್ಲಿ 35 ಕಿಲೋ ಹತ್ತಿರ ಮೆಣಸು ಹೋಯಿತು. ಜೇನಿನ ಬರಹ ಮಾತ್ರ ಇನ್ನೂ ಕದಲಿಲ್ಲ. 'ಜೇನು ಗಟ್ಟಿಯಾಗುವುದೇಕೆ' ಎಂದು ಶೀರ್ಷಿಕೆ ಬದಲಿಸಿ ಮೂರು ವಾರವಾಗಿದೆ.